ಹಳಿ ಕಿತ್ತ ದಾರಿಯಲ್ಲಿ ಸೈಕಲ್: ಗ್ರೇಟ್ ಅಲೆಗೇನಿ ಪ್ಯಾಸೇಜ್‌ಗೆ ಹೊರಡುವವರಿಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಹಳಿ ಹಿಡಿದು ನಡೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುವ ವರ್ಷಗಳಲ್ಲಿ ಅಲ್ಲಿ ರೈಲೇ ಇರಲಿಲ್ಲ. ಎಡಕುಮೇರಿ ಸ್ಟೇಷನ್, ಸುರಂಗ, ಸೇತುವೆ ಎಲ್ಲ ಚಾರಣದವರದ್ದೇ ಆಗಿತ್ತು. 2006ರ ನಂತರ ಆ ಮಾರ್ಗದಲ್ಲಿ ಮತ್ತೆ ರೈಲುಗಳು ಓಡುತ್ತಿವೆ. ಈಗ ಅಲ್ಲಿ ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಹಳೇ ವಿಡಿಯೊ ನೋಡಿ ಹೊರಡಬೇಡಿ.

ಆದರೆ ರೈಲು ಮತ್ತೆ ಬಾರದ ಮಾರ್ಗಗಳೂ ಇವೆ. ಹಳಿ ಕಿತ್ತು, ಜಲ್ಲಿಪುಡಿ ಹಾಸಿ, ನಡೆಯುವವರಿಗೆ ಮತ್ತು ಸೈಕಲ್‌ನವರಿಗೆ ಬಿಟ್ಟುಕೊಟ್ಟ ದಾರಿಗಳು. ಅಮೆರಿಕದಲ್ಲಿ ಇಂಥವು ಬಹಳ. ಅವುಗಳಲ್ಲಿ ತುಂಬ ಹೆಸರಾದದ್ದು ಗ್ರೇಟ್ ಅಲೆಗೇನಿ ಪ್ಯಾಸೇಜ್. ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ವರೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್. ಪಿಟ್ಸ್‌ಬರ್ಗ್ ಅಂದರೆ ಅಮೆರಿಕದ ಕನ್ನಡಿಗರಿಗೆ ಮೊದಲು ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಊರಿಂದ ಅಪ್ಪ ಅಮ್ಮ ಬಂದರೆ ಆ ಕಡೆ ಒಂದು ಸುತ್ತು ಹೋಗಿಯೇ ಹೋಗುತ್ತಾರೆ. ಅದೇ ಪ್ರಯಾಣಕ್ಕೆ ಈ ದಾರಿಯ ಒಂದು ದಿನವನ್ನು ಸೇರಿಸಿಕೊಳ್ಳಬಹುದು. ಪೂರ್ತಿ ಹೋಗುತ್ತೇನೆ ಅಂದರೆ ನಾಲ್ಕು ದಿನ ಬೇಕು. ಎರಡಕ್ಕೂ ತಯಾರಿ ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಏರಿಳಿತ ಅರ್ಥ ಮಾಡಿಕೊಳ್ಳಿ

ನಕ್ಷೆ, ಹೋಟೆಲು, ಸೈಕಲ್ ಎಲ್ಲ ಆಮೇಲೆ. ಈ ದಾರಿಯಲ್ಲಿ ಮೊದಲು ತಿಳಿಯಬೇಕಾದದ್ದು ಇಷ್ಟು: ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುತ್ತದೆ. ಅದಕ್ಕೇ ಮಾರ್ಗ ಹಾಕಿದವರು ಬೆಟ್ಟ ಎದುರಾದಾಗ ನೇರ ಹತ್ತದೆ ಸುತ್ತಿದರು, ಕೊರೆದರು, ಹಳ್ಳ ಬಂದರೆ ಸೇತುವೆ ಕಟ್ಟಿದರು. ಆ ಕಷ್ಟವೆಲ್ಲ ಅವರು ಪಟ್ಟಿದ್ದರಿಂದ ಇವತ್ತು ನಾವು ಅಪಲೇಷಿಯನ್ ಬೆಟ್ಟಸಾಲನ್ನು ಸೀಟಿನಿಂದ ಇಳಿಯದೆ ದಾಟಬಹುದು. ಇಡೀ ದಾರಿಯಲ್ಲಿ ಏರು ಎಲ್ಲೂ ಶೇ 2ನ್ನು ಮುಟ್ಟುವುದಿಲ್ಲ. ನಮ್ಮ ಸಕಲೇಶಪುರ ಘಾಟಿಯ ರೈಲುಮಾರ್ಗ 50 ಅಡಿಗೆ ಒಂದು ಅಡಿ ಏರುತ್ತದೆ, ಅಂದರೆ ಸರಿಯಾಗಿ ಶೇ 2. ಇದು ಅದಕ್ಕಿಂತಲೂ ಮೆತ್ತಗಿನದು.

ಆದರೆ ಏರು ಎರಡೂ ಬದಿಗೆ ಒಂದೇ ಥರ ಇಲ್ಲ. ಇಡೀ ಯೋಜನೆ ನಿಂತಿರುವುದೇ ಇದರ ಮೇಲೆ. ದಾರಿಯ ನೆತ್ತಿ ಡೀಲ್ ಅನ್ನುವ ಹಳ್ಳಿಯ ಹತ್ತಿರ ಇದೆ, 2,392 ಅಡಿ ಎತ್ತರದಲ್ಲಿ. ಅದಕ್ಕೆ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್ ಅಂತ ಹೆಸರು. ಅಲ್ಲಿ ಪೂರ್ವಕ್ಕೆ ಬಿದ್ದ ಮಳೆ ಅಟ್ಲಾಂಟಿಕ್ ಸೇರುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಕಂಬರ್‌ಲ್ಯಾಂಡ್‌ನಿಂದ ಈ ನೆತ್ತಿಗೆ ಬರೀ 24 ಮೈಲಿ. ಅಷ್ಟರೊಳಗೆ 1,700 ಅಡಿಗೂ ಜಾಸ್ತಿ ಏರಬೇಕು. ನೆತ್ತಿಯಿಂದ ಪಿಟ್ಸ್‌ಬರ್ಗ್‌ಗೆ ಇಳಿಯುವುದೂ ಹೆಚ್ಚೂಕಡಿಮೆ ಅಷ್ಟೇ ಎತ್ತರ, ಆದರೆ ಅದು 126 ಮೈಲಿಗೆ ಹರಡಿಕೊಂಡಿದೆ. ಆ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ದಿಕ್ಕು ಮತ್ತು ಭಾಗ ಆರಿಸಿಕೊಳ್ಳಿ

ಪೂರ್ತಿ ಹೋಗುವವರಿಗೆ ನನ್ನ ಸಲಹೆ ಕಂಬರ್‌ಲ್ಯಾಂಡ್‌ನಿಂದ ಶುರು ಮಾಡಿ ಅನ್ನುವುದು. ಕಷ್ಟದ ಏರು ಮೊದಲ ದಿನವೇ, ಕಾಲು ತಾಜಾ ಇರುವಾಗಲೇ ಮುಗಿದುಹೋಗುತ್ತದೆ. ನಿಧಾನವಾಗಿ ತುಳಿದರೂ ನಾಲ್ಕೈದು ಗಂಟೆಯಲ್ಲಿ ನೆತ್ತಿ ಮುಟ್ಟಬಹುದು. ಪಿಟ್ಸ್‌ಬರ್ಗ್‌ನಿಂದ ಹೊರಡುವವರ ವಾದವೂ ಒಂದಿದೆ: ದಿನಗಟ್ಟಲೆ ನಿಧಾನ ಏರಿ, ಕೊನೆಯ 24 ಮೈಲಿ ಪೆಡಲ್ ಮುಟ್ಟದೆ ಇಳಿಯುವ ಸುಖ. ಆ ಸುಖವನ್ನು ಒಪ್ಪುತ್ತೇನೆ, ಅದಕ್ಕಾಗಿ ಮೂರು ದಿನ ಏರುವುದನ್ನಲ್ಲ.

ನಾಲ್ಕು ದಿನಕ್ಕೆ ಹೀಗೆ ಹಂಚಿಕೊಳ್ಳಿ. ಮೊದಲ ದಿನ ಕಂಬರ್‌ಲ್ಯಾಂಡ್‌ನಿಂದ ಮೇಯರ್ಸ್‌ಡೇಲ್, 32 ಮೈಲಿ. ಎರಡನೇ ದಿನ ಒಹಾಯೊಪೈಲ್, 40 ಮೈಲಿ. ಮೂರನೇ ದಿನ ವೆಸ್ಟ್ ನ್ಯೂಟನ್, 42 ಮೈಲಿ. ನಾಲ್ಕನೇ ದಿನ ಪಿಟ್ಸ್‌ಬರ್ಗ್, 36 ಮೈಲಿ. 40 ಮೈಲಿ ಕೇಳಿ ಹೆದರಬೇಡಿ. ಎರಡು ಮತ್ತು ಮೂರನೇ ದಿನ ಇಳಿಜಾರು ನಿಮ್ಮ ಕಡೆಗಿದೆ. ಆದರೂ ವಾರಕ್ಕೊಂದು ದಿನ 20 ಮೈಲಿಯಾದರೂ ತುಳಿದು ಅಭ್ಯಾಸ ಇಲ್ಲದವರು ಐದು ದಿನ ಇಟ್ಟುಕೊಳ್ಳಲಿ. ಕೂರುವ ಜಾಗಕ್ಕೆ ರೂಢಿ ಬೇಕು, ಅಲ್ವಾ.

ಒಂದೇ ದಿನ ಇದೆ ಅನ್ನುವವರಿಗೆ ಆಯ್ಕೆ ಮೂರು ಥರ.

ಮಕ್ಕಳು, ಹಿರಿಯರು ಜೊತೆಗಿದ್ದರೆ ಒಹಾಯೊಪೈಲ್‌ನಿಂದ ಕಾನ್‌ಫ್ಲುಯೆನ್ಸ್‌ವರೆಗಿನ ತುಂಡು. ಹೋಗಲು ಸುಮಾರು 11 ಮೈಲಿ, ಬರಲು ಅಷ್ಟೇ. ಪೂರ್ತಿ ನೆರಳು, ಪಕ್ಕದಲ್ಲೇ ನದಿ. ಹಳಿ ಕಿತ್ತ ಮೇಲೆ 1986ರಲ್ಲಿ ಮೊದಲು ತೆರೆದದ್ದು ಇದೇ ಭಾಗ. ಸಾಕು ಅನ್ನಿಸಿದ ಕಡೆ ತಿರುಗಿಕೊಂಡರೆ ವಾಪಸ್ ಬರುವಾಗ ಇಳಿಜಾರು ಸಿಗುತ್ತದೆ.

ಒಂದು ದಿಕ್ಕಿಗೆ ಮಾತ್ರ ಹೋಗಿ ಗಾಡಿಯಲ್ಲಿ ವಾಪಸ್ ಬರಬಲ್ಲವರಿಗೆ ಒಹಾಯೊಪೈಲ್‌ನಿಂದ ಕಾನಲ್ಸ್‌ವಿಲ್, 17 ಮೈಲಿ. ಕಾಡಿನ ನಡುವೆ, ಕೆಳಗೆ ಆಳದಲ್ಲಿ ನದಿ. ಮಧ್ಯದಲ್ಲಿ ಊರು ಅಂತ ಏನೂ ಇಲ್ಲ, ಹೊರಡುವಾಗಲೇ ನೀರು ತುಂಬಿಕೊಳ್ಳಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಮೇಯರ್ಸ್‌ಡೇಲ್‌ನಿಂದ ನೆತ್ತಿ ದಾಟಿ ಬಿಗ್ ಸ್ಯಾವೇಜ್ ಸುರಂಗದವರೆಗೆ, ಒಂದು ಕಡೆಗೆ ಸುಮಾರು 10 ಮೈಲಿ. ರೈಲುಮಾರ್ಗ ಅನ್ನುವುದಕ್ಕೆ ಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ: ಎತ್ತರದ ಸೇತುವೆ, ಬಂಡೆ ಕಡಿದು ಮಾಡಿದ ಕಣಿವೆ, ಸುರಂಗ.

ನಡೆಯುವವರಿಗೆ

ಸೈಕಲ್ ಬಾರದವರು ಈ ದಾರಿಯನ್ನು ಬಿಡಬೇಕಾಗಿಲ್ಲ. ಆದರೆ ಒಂದು ಮಾತು. ಇಡೀ ಹಾದಿಯನ್ನು ನಡೆದು ಮುಗಿಸುವುದು ಕೆಲವರಿಗೆ ಬೇಸರ ತರುತ್ತದೆ. ರೈಲುದಾರಿಯ ತಿರುವು ದೊಡ್ಡದು, ನೋಟ ನಿಧಾನ ಬದಲಾಗುತ್ತದೆ. ಸೈಕಲ್‌ನಲ್ಲಿ ಹಿತವಾಗಿರುವ ಐದು ಮೈಲಿ ನಡಿಗೆಯಲ್ಲಿ ಉದ್ದ ಅನ್ನಿಸುತ್ತದೆ. ಅದಕ್ಕೇ ಒಳ್ಳೆಯ ತುಂಡುಗಳನ್ನು ಮಾತ್ರ ಆರಿಸಿ ನಡೆಯಿರಿ.

ಡೀಲ್‌ನಲ್ಲಿ ಕಾರು ನಿಲ್ಲಿಸಿ ಪೂರ್ವಕ್ಕೆ ಹೊರಟರೆ ಮೈಲಿಗಿಂತ ಸ್ವಲ್ಪ ಮುಂದೆ ನೆತ್ತಿ ಬರುತ್ತದೆ. ಅಲ್ಲಿ ರಸ್ತೆಯ ಕೆಳಗೆ ಹಾದುಹೋಗುವ ಪುಟ್ಟ ಸೇತುವೆಯ ಗೋಡೆಯ ಮೇಲೆ ಇಡೀ ದಾರಿಯ ಏರಿಳಿತವನ್ನು ಬಿಡಿಸಿದ್ದಾರೆ. ಫೋಟೊಕ್ಕೆ ಎಲ್ಲರೂ ನಿಲ್ಲುವ ಜಾಗ. ಮುಂದೆ ಸುರಂಗ. ಸುರಂಗದ ಆಚೆ ಬಾಯಿಯಿಂದ ಹೊರಬಂದ ಕೂಡಲೇ ಮೇರಿಲ್ಯಾಂಡ್‌ನ ಬೆಟ್ಟಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ಕಡೆಗೆ ಮೂರರಿಂದ ಮೂರೂವರೆ ಮೈಲಿ ಅಷ್ಟೇ. ಇನ್ನೊಂದು ಮೈಲಿ ನಡೆದರೆ ಮೇಸನ್–ಡಿಕ್ಸನ್ ರೇಖೆ. ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾಗಳ ಗಡಿ ಜಗಳ ಬಿಡಿಸಲು 1763ರಿಂದ 1767ರವರೆಗೆ ಅಳೆದು ಗುರುತಿಸಿದ ಗೆರೆ. ದಾರಿಯ ಮೇಲೆಯೇ ಗುರುತು ಮಾಡಿದ್ದಾರೆ.

ಎರಡನೆಯದು, ಮೇಯರ್ಸ್‌ಡೇಲ್ ಸ್ಟೇಷನ್‌ನಿಂದ ಪಶ್ಚಿಮಕ್ಕೆ ಎರಡು ಮೈಲಿ ನಡೆದು ಸಾಲಿಸ್‌ಬರಿ ವಯಡಕ್ಟ್. 1,908 ಅಡಿ ಉದ್ದದ ಉಕ್ಕಿನ ಸೇತುವೆ, ಸುಮಾರು 100 ಅಡಿ ಎತ್ತರ. ಕೆಳಗೆ ಕ್ಯಾಸಲ್‌ಮನ್ ನದಿ, ಹೆದ್ದಾರಿ, ಹೊಲ, ಜೊತೆಗೆ ಇವತ್ತಿಗೂ ಗೂಡ್ಸ್ ಓಡುವ ಹಳಿ. ರೈಲು ಬರುವವರೆಗೆ ಕಾದು ನೋಡಿ. ರೈಲುಮಾರ್ಗದ ಸೇತುವೆಯ ಮೇಲೆ ನಿಂತು ಕೆಳಗೆ ಹೋಗುವ ರೈಲನ್ನು ನೋಡುವುದು ಎಲ್ಲ ಕಡೆ ಸಿಗುವ ಯೋಗ ಅಲ್ಲ.

ಮೂರನೆಯದು ಒಹಾಯೊಪೈಲ್‌ನ ಎರಡು ಸೇತುವೆಗಳ ನಡುವಿನ ತುಂಡು. ನದಿ ಅಲ್ಲಿ ಬೆಟ್ಟದ ಮೂಗನ್ನು ಸುತ್ತಿ ಹೋಗುತ್ತದೆ. ರೈಲು ಸುತ್ತದೆ ನೇರ ಎರಡು ಸಲ ನದಿ ದಾಟಿತು. ಮಂಡಿನೋವಿನವರೂ ನಡೆಯಬಹುದಾದ ದಾರಿ. ಅಂದಹಾಗೆ ನದಿಯ ಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ ಓದಲು ಹೋಗಬೇಡಿ, ಊರಿನವರು ಹೇಳುವುದು ಯಾಕಿಗೇನಿ.

ಕಾಲ ನೋಡಿ, ಸುರಂಗ ತೆರೆದಿದೆಯೇ ಕೇಳಿ

ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಸೆಕೆ ಇದೆ, ಆದರೆ ದಾರಿಯ ಬಹುಪಾಲು ನೆರಳು. ಎಲೆ ಬಣ್ಣ ತಿರುಗುವ ಅಕ್ಟೋಬರ್ ನಡುಭಾಗದಲ್ಲಿ ಎಲ್ಲರೂ ಬರುತ್ತಾರೆ. ಆಗ ಹೋಗುವುದಾದರೆ ರೂಮನ್ನು ಬೇಸಿಗೆಯಲ್ಲೇ ಹಿಡಿದಿಡಿ.

ಬಿಗ್ ಸ್ಯಾವೇಜ್ ಸುರಂಗದ ಉದ್ದ ಸುಮಾರು 3,300 ಅಡಿ, ಒಂದು ಕಿಲೋಮೀಟರ್ ಅನ್ನಿ. ಒಳಗೆ ದೀಪ ಇದೆ. ಚಳಿಗಾಲದಲ್ಲಿ ಒಳಗೆ ಜಿನುಗುವ ನೀರು ಮಂಜುಗಟ್ಟಿ ಗೋಡೆ ಹಾಳಾಗುತ್ತದೆ ಅಂತ ಎರಡೂ ಬಾಯಿಗೆ ಬಾಗಿಲು ಹಾಕುತ್ತಾರೆ. ಸಾಮಾನ್ಯವಾಗಿ ಡಿಸೆಂಬರ್ ನಡುವಿನಿಂದ ಏಪ್ರಿಲ್ ಮೊದಲವರೆಗೆ. ಆ ತಿಂಗಳುಗಳಲ್ಲಿ ಸುಲಭದ ಬಳಸುದಾರಿ ಇಲ್ಲ, ಬೆಟ್ಟದ ಮೇಲಿನ ರಸ್ತೆ ಕಡಿದು. ಏಪ್ರಿಲ್ ಮೊದಲ ವಾರ ಹೊರಡುವವರು ಬಾಗಿಲು ತೆರೆದಿದೆಯೇ ಎಂದು ದಾರಿಯ ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡೇ ಟಿಕೆಟ್ ಮಾಡಿ.

ನವೆಂಬರ್ ಕೊನೆಗೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ಕಾಲ. ಆಗ ನಡೆಯುವುದಾದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಾಕಿ.

ಸೈಕಲ್ ಮತ್ತು ಸಾಮಾನು

ದಾರಿಯ ಮೇಲೆ ಹಾಸಿರುವುದು ಸುಣ್ಣದಕಲ್ಲಿನ ಸಣ್ಣ ಪುಡಿ, ಒತ್ತಿ ಗಟ್ಟಿ ಮಾಡಿದ್ದು. ಒಣಗಿದ್ದರೆ ಡಾಂಬರಿನಷ್ಟೇ ಚೆನ್ನ. ಮಳೆ ಬಿದ್ದರೆ ಮೆತ್ತಗಾಗಿ ಟೈರು ಎಳೆಯುತ್ತದೆ. ಬೂದು ಬಣ್ಣದ ರಾಡಿ ಬೆನ್ನಿನವರೆಗೆ ಹಾರುತ್ತದೆ. ರೇಸ್ ಸೈಕಲ್‌ನ ಕಡ್ಡಿಯಂಥ ಟೈರು ಬೇಡ. 32 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಟೈರಿರುವ ಹೈಬ್ರಿಡ್ ಸಾಕು. ದುಬಾರಿ ಸೈಕಲ್ ಬೇಕಿಲ್ಲ. ಗೇರು ಸರಿ ಬೀಳಬೇಕು, ಬ್ರೇಕು ಹಿಡಿಯಬೇಕು, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇರಬೇಕು.

ಬಾಡಿಗೆ ಸೈಕಲ್ ಒಹಾಯೊಪೈಲ್, ವೆಸ್ಟ್ ನ್ಯೂಟನ್, ಕಂಬರ್‌ಲ್ಯಾಂಡ್, ಪಿಟ್ಸ್‌ಬರ್ಗ್‌ನಲ್ಲಿ ಸಿಗುತ್ತದೆ. ಬ್ಯಾಟರಿ ಸೈಕಲ್ ಬೇಕೆನ್ನುವವರು ಪೆಡಲ್ ತುಳಿದಾಗ ಮಾತ್ರ ನೆರವಾಗುವ ಥರದ್ದನ್ನೇ ಕೇಳಿ, ಸ್ಕೂಟರಿನಂತೆ ಕೈ ತಿರುಗಿಸಿ ಓಡಿಸುವ ಥರದ್ದು ಬೇಡ. ಊರಿಂದ ಬಂದ ಹಿರಿಯರಿಗೆ ಇದು ನಿಜಕ್ಕೂ ಒಳ್ಳೆಯದು. ಹಳ್ಳಿಯಲ್ಲಿ ಅಟ್ಲಾಸ್ ಸೈಕಲ್ ಮೇಲೆ ಹಾಲಿನ ಕ್ಯಾನು ಹೊತ್ತು ಅಭ್ಯಾಸ ಇರುವವರಿಗೆ ಹೆಲ್ಮೆಟ್ ಹಾಕಿಸುವುದೇ ದೊಡ್ಡ ಕೆಲಸ, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ.

ಒಯ್ಯಬೇಕಾದದ್ದು ಕಡಿಮೆ. ಎರಡು ಟ್ಯೂಬು, ಟೈರು ಬಿಚ್ಚುವ ಕಡ್ಡಿ, ಪಂಪು, ಚೈನಿಗೆ ಎಣ್ಣೆ. ಮುಂದೊಂದು ದೀಪ, ಹಿಂದೊಂದು ಕೆಂಪು ದೀಪ. ಹಗಲಲ್ಲೇ ಹೋಗುವವರಿಗೆ ದೀಪ ಯಾಕೆ ಅನ್ನಬೇಡಿ. ಫ್ರಾಸ್ಟ್‌ಬರ್ಗ್ ದಾಟಿದ ಮೇಲೆ ಬರುವ ಬೋರ್ಡನ್ ಸುರಂಗ 957 ಅಡಿ, ಒಳಗೆ ಕತ್ತಲೆ. ಬೇಸಿಗೆಯಲ್ಲೂ ಸುರಂಗದೊಳಗೆ ತಣ್ಣಗೆ ಕೊರೆಯುತ್ತದೆ, ತೆಳು ಜಾಕೆಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಸಾಮಾನನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರ್‌ನ ಎರಡು ಬದಿಗೆ ತೂಗುಹಾಕುವ ಚೀಲಕ್ಕೆ ತುಂಬಿ. ಬೆನ್ನು ಎರಡನೇ ದಿನ ನಿಮಗೆ ಥ್ಯಾಂಕ್ಸ್ ಹೇಳುತ್ತದೆ.

ಊಟದ ವಿಷಯ

ಸಸ್ಯಾಹಾರಿಗಳಿಗೆ ಇದೇ ನಿಜವಾದ ಏರು. ದಾರಿಯ ಊರುಗಳು ಚಿಕ್ಕವು. ಪಿಜ್ಜಾ, ಸಬ್, ಐಸ್‌ಕ್ರೀಮ್ ಸಿಗುತ್ತದೆ. ಮೂರನೇ ದಿನಕ್ಕೆ ಚೀಸ್ ನೋಡಿದರೆ ಸಾಕೆನಿಸುತ್ತದೆ. ಭಾನುವಾರ, ಸೋಮವಾರ ಕೆಲವು ಅಂಗಡಿಗಳು ತೆರೆದಿರುವುದಿಲ್ಲ, ಸಂಜೆ ಬೇಗ ಮುಚ್ಚುತ್ತವೆ. ತಡವಾಗಿ ಬಂದವರು ಖಾಲಿ ಹೊಟ್ಟೆಯಲ್ಲಿ ಮಲಗಬೇಕಾಗುತ್ತದೆ.

ಗೊಜ್ಜವಲಕ್ಕಿ, ಚಟ್ನಿಪುಡಿ ಹಚ್ಚಿದ ಚಪಾತಿ, ನಿಪ್ಪಟ್ಟು, ಕಡಲೆಬೀಜ, ಬಾಳೆಹಣ್ಣು. ಇವು ಪೌಷ್ಟಿಕ ಬಾರ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಮೊಸರನ್ನ ಮೊದಲ ಮಧ್ಯಾಹ್ನಕ್ಕೆ ಮಾತ್ರ ಇರಲಿ. ರೂಮಿನಲ್ಲಿ ಬಿಸಿನೀರು ಸಿಗುತ್ತದೆ ಅಂದರೆ ಉಪ್ಪಿಟ್ಟಿನ ರೆಡಿ ಮಿಕ್ಸ್ ಒಯ್ಯಬಹುದು. ಬೆವರು ಜಾಸ್ತಿ ಹರಿಯುವ ಮೊದಲ ದಿನಕ್ಕೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಬಾಟಲಿಗೆ ಹಾಕಿಕೊಳ್ಳಿ.

ನೀರು ಊರುಗಳಲ್ಲಿ ಸಿಗುತ್ತದೆ. ಒಬ್ಬರಿಗೆ ಎರಡು ಲೀಟರ್ ಹಿಡಿಯುವ ಬಾಟಲಿ ಇರಲಿ. ಹಳ್ಳದ ನೀರು ಕುಡಿಯಬೇಡಿ, ಇದು ಹಳೇ ಕಲ್ಲಿದ್ದಲು ಗಣಿಗಳ ನಾಡು. ವೆಸ್ಟ್ ನ್ಯೂಟನ್ ದಾಟಿದ ಮೇಲೆ ಬಂಡೆಯಿಂದ ಕೆಂಪಗೆ ಇಳಿಯುವ ಒಂದು ಝರಿ ಇದೆ. ಗಣಿಯೊಳಗಿನ ಕಬ್ಬಿಣ ಕರಗಿ ಬಂದ ಬಣ್ಣ ಅದು.

ಹೋಗಿ ಸೇರುವುದು, ವಾಪಸ್ ಬರುವುದು

ಒಂದೇ ದಿಕ್ಕಿನ ಪ್ರಯಾಣದ ತಲೆನೋವು ಕಾರು. ಇದಕ್ಕೆ ಪರಿಹಾರ ರೈಲೇ. ವಾಷಿಂಗ್ಟನ್ ಮತ್ತು ಪಿಟ್ಸ್‌ಬರ್ಗ್ ನಡುವೆ ಅಮೆರಿಕದ ಪ್ರಯಾಣಿಕ ರೈಲು ಕಂಪನಿ ಆಮ್ಟ್ರ್ಯಾಕ್‌ನ ಗಾಡಿ ಕಂಬರ್‌ಲ್ಯಾಂಡ್, ಕಾನಲ್ಸ್‌ವಿಲ್‌ಗಳಲ್ಲಿ ನಿಲ್ಲುತ್ತದೆ. 2024ರವರೆಗೆ ಅದು ಕ್ಯಾಪಿಟಲ್ ಲಿಮಿಟೆಡ್, ಈಗ ಫ್ಲೋರಿಡಿಯನ್ ಅನ್ನುವ ಹೆಸರಲ್ಲಿ ಓಡುತ್ತದೆ. ಸೈಕಲ್ಲನ್ನು ಬಿಚ್ಚದೆ ಹಾಗೇ ಹತ್ತಿಸಬಹುದು, ಆದರೆ ಅದಕ್ಕೆ ಬೇರೆ ಟಿಕೆಟ್ ಬೇಕು. ಸೈಕಲ್ ಜಾಗ ಕೆಲವೇ ಇರುವುದರಿಂದ ಬೇಗ ಮುಗಿದುಹೋಗುತ್ತದೆ. ಮೊದಲು ಸೈಕಲ್ ಜಾಗ ಖಾಲಿ ಇರುವ ದಿನ ಹುಡುಕಿ, ಆಮೇಲೆ ರಜೆ ಬರೆಯಿರಿ. ಇನ್ನೊಂದು ವಿಷಯ, ಈ ಗಾಡಿ ಪಿಟ್ಸ್‌ಬರ್ಗ್‌ಗೆ ಬರುವುದು ನಡುರಾತ್ರಿಗೆ, ವಾಷಿಂಗ್ಟನ್ ಕಡೆಗೆ ಹೊರಡುವುದು ಬೆಳಗಿನ ಜಾವ. ಸ್ಟೇಷನ್ ಹತ್ತಿರವೇ ರೂಮು ಹಿಡಿದರೆ ಜೀವಕ್ಕೆ ಸುಖ.

ಕಾರಿನಲ್ಲೇ ಬರುವವರು ಕಾರನ್ನು ಮುಗಿಯುವ ಕಡೆ ಬಿಟ್ಟು, ಶಟಲ್ ಗಾಡಿಯಲ್ಲಿ ಶುರುವಿನ ಜಾಗಕ್ಕೆ ಹೋಗುವುದು ಒಳ್ಳೆಯದು. ಆಗ ಕೊನೆಯ ದಿನ ಗಡಿಯಾರ ನೋಡುತ್ತ ತುಳಿಯಬೇಕಾಗಿಲ್ಲ. ಸೈಕಲ್, ಸಾಮಾನು, ಜನ ಎಲ್ಲರನ್ನೂ ಒಯ್ಯುವ ಶಟಲ್‌ಗಳು ದಾರಿಯುದ್ದಕ್ಕೂ ಇವೆ. ದಾರಿಗೆ ಪ್ರವೇಶ ಶುಲ್ಕ ಇಲ್ಲ, ಪರ್ಮಿಟ್ ಬೇಡ. ರಾತ್ರಿ ಕಾರು ಬಿಡಬಹುದೇ ಅನ್ನುವುದನ್ನು ಮಾತ್ರ ಆಯಾ ಜಾಗದ ಬೋರ್ಡು ನೋಡಿ ಖಚಿತ ಮಾಡಿಕೊಳ್ಳಿ.

ಮೊದಲ ಏರು ಬೇಡವೇ ಬೇಡ ಅನ್ನುವವರಿಗೆ ಒಂದು ಉಪಾಯ ಇದೆ. ಕಂಬರ್‌ಲ್ಯಾಂಡ್‌ನಿಂದ ಫ್ರಾಸ್ಟ್‌ಬರ್ಗ್‌ಗೆ ವೆಸ್ಟರ್ನ್ ಮೇರಿಲ್ಯಾಂಡ್ ಸೀನಿಕ್ ರೈಲ್‌ರೋಡ್ ಅನ್ನುವ ಪ್ರವಾಸಿ ರೈಲು ಓಡುತ್ತದೆ. ಅದರಲ್ಲಿ ಸೈಕಲ್ ಹಾಕಿಕೊಂಡು 15 ಮೈಲಿ ಏರನ್ನು ಕೂತೇ ಕಳೆಯಬಹುದು. ಹಾಗೆ ಮೇಲೆ ಹೋಗಿ, ಅಲ್ಲಿಂದ ಕಂಬರ್‌ಲ್ಯಾಂಡ್‌ಗೆ ಸೈಕಲ್‌ನಲ್ಲಿ ಜಾರಿ ಬರುವುದೂ ಒಂದು ಚೆಂದದ ಅರ್ಧ ದಿನ. ರೈಲು ಎಲ್ಲ ದಿನ ಇರುವುದಿಲ್ಲ, ವೇಳಾಪಟ್ಟಿ ನೋಡಿ.

ದಾರಿಯಲ್ಲಿ ನಡೆದುಕೊಳ್ಳುವುದು

ಬಲಕ್ಕೆ ಇರಿ. ನಮ್ಮ ಎಡಗಡೆಯ ಅಭ್ಯಾಸ ಗಾಬರಿಯಾದಾಗ ಹೊರಗೆ ಬರುತ್ತದೆ, ಊರಿಂದ ಬಂದವರಿಗೆ ಎರಡು ಸಲ ಹೇಳಿ. ಮುಂದಿರುವವರನ್ನು ದಾಟುವಾಗ ಬೆಲ್ ಹೊಡೆದು, ‘ಆನ್ ಯುವರ್ ಲೆಫ್ಟ್’ ಅಂತ ಕೂಗಿ ಎಡದಿಂದ ದಾಟುವುದು ಅಲ್ಲಿನ ರೂಢಿ. ನಾಲ್ಕು ಜನ ಅಡ್ಡಲಾಗಿ ಹರಟುತ್ತ ನಡೆಯುವುದು ಬೇಡ. ರಸ್ತೆ ಅಡ್ಡ ಬರುವಲ್ಲಿ ಕಂಬ ನೆಟ್ಟಿರುತ್ತಾರೆ, ಇಳಿಜಾರಿನಲ್ಲಿ ಬರುವಾಗ ಅದು ದಿಢೀರ್ ಎದುರಾಗುತ್ತದೆ.

ಕಂಬರ್‌ಲ್ಯಾಂಡ್ ಮತ್ತು ಫ್ರಾಸ್ಟ್‌ಬರ್ಗ್ ನಡುವೆ ಆ ಪ್ರವಾಸಿ ರೈಲಿನ ಹಳಿಯೂ ಸೈಕಲ್ ದಾರಿಯೂ ಪಕ್ಕಪಕ್ಕ ಹೋಗುತ್ತವೆ. 914 ಅಡಿಯ ಬ್ರಷ್ ಸುರಂಗವನ್ನು ಎರಡೂ ಹಂಚಿಕೊಂಡಿವೆ. ರೈಲಿನ ಸದ್ದು ಕೇಳಿದರೆ ಒಳಗೆ ಹೋಗದೆ ಹೊರಗೇ ನಿಂತು ಬಿಡಿ.

ಫೋನ್ ಸಿಗ್ನಲ್ ನಂಬಬೇಡಿ. ಫ್ರಾಸ್ಟ್‌ಬರ್ಗ್‌ನಿಂದ ಒಹಾಯೊಪೈಲ್‌ವರೆಗೆ ಬಂದು ಹೋಗುತ್ತಿರುತ್ತದೆ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ದಾರಿ ತಪ್ಪುವ ಭಯ ಇಲ್ಲ, ಕಂಬರ್‌ಲ್ಯಾಂಡನ್ನು ಸೊನ್ನೆ ಎಂದು ಎಣಿಸುವ ಮೈಲಿಕಲ್ಲುಗಳಿವೆ. ಏನಾದರೂ ಆದರೆ ಆ ನಂಬರ್ ಹೇಳಿದರೆ ಸಾಕು.

ಪ್ರಾಣಿಗಳ ವಿಷಯದಲ್ಲಿ ನನಗೆ ಕರಡಿಗಿಂತ ಉಣ್ಣೆಯ ಭಯ. ಪೆನ್ಸಿಲ್ವೇನಿಯಾದಲ್ಲಿ ಉಣ್ಣೆಯಿಂದ ಬರುವ ಲೈಮ್ ಕಾಯಿಲೆ ಬಹಳ. ಹುಲ್ಲಿನಲ್ಲಿ ಕೂತು ಬುತ್ತಿ ಬಿಚ್ಚುವ ಆಸೆ ಬಿಡಿ, ಬೆಂಚು ಹುಡುಕಿ. ರಾತ್ರಿ ಸ್ನಾನಕ್ಕೆ ಹೋದಾಗ ಮಂಡಿ ಹಿಂದೆ, ಸೊಂಟ, ಕಿವಿ ಹಿಂದೆ ನೋಡಿಕೊಳ್ಳಿ. ಮೂರು ಎಲೆ ಕೂಡಿ ಬೆಳೆದ ಬಳ್ಳಿಯನ್ನು ಮುಟ್ಟಬೇಡಿ, ಪಾಯ್ಸನ್ ಐವಿ ಮೈ ಉರಿಸಿ ಬೊಬ್ಬೆ ಎಬ್ಬಿಸುತ್ತದೆ. ಬಿಸಿಲಿಗೆ ದಾರಿಯ ಮೇಲೆ ಹಾವು ಮಲಗಿರುವುದುಂಟು. ದೂರದಲ್ಲೇ ನಿಂತು ಅದಕ್ಕೆ ದಾರಿ ಬಿಡಿ.

ರೈಲನ್ನು ಹುಡುಕುತ್ತ ಹೋಗಿ

ಸುಮ್ನೆ ತುಳಿದುಕೊಂಡು ಹೋದರೆ ಇದು ಒಂದು ಒಳ್ಳೆಯ ಪಾರ್ಕ್ ಅಷ್ಟೇ. ರೈಲಿನ ಗುರುತು ಹುಡುಕಿದರೆ ದಾರಿಗೆ ಕಥೆ ಬರುತ್ತದೆ.

ಕಾನಲ್ಸ್‌ವಿಲ್‌ವರೆಗಿನ ಮಾರ್ಗ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯದು, 1912ರಲ್ಲಿ ಮುಗಿದದ್ದು. ನದಿಯ ಆಚೆ ದಡದಲ್ಲಿ ಆಗಲೇ ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿಯ ಹಳಿ ಇತ್ತು. ಒಂದೇ ಕಣಿವೆಯಲ್ಲಿ ಎರಡು ಕಂಪನಿ, ಒಂದೇ ಕಲ್ಲಿದ್ದಲಿಗೆ ಪೈಪೋಟಿ. ಕೊನೆಗೆ ಎರಡೂ ಒಂದೇ ಯಜಮಾನಿಕೆಯ ಕೆಳಗೆ ಬಂದವು. ಆಮೇಲೆ ಎರಡು ಹಳಿ ಯಾಕೆ ಬೇಕು? 1975ರಲ್ಲಿ ಇದನ್ನು ಬಿಟ್ಟರು. ಆಚೆ ದಡದ ಹಳಿ ಇವತ್ತಿಗೂ ಜೀವಂತ. ನೀವು ಕಾಡಿನಲ್ಲಿ ತುಳಿಯುತ್ತಿದ್ದರೆ ನದಿಯಾಚೆಯಿಂದ ಗೂಡ್ಸ್ ರೈಲಿನ ಸೀಟಿ ಕೇಳುವುದು ಅದಕ್ಕೇ. ಗೆದ್ದ ಹಳಿಯ ಮೇಲೆ ಆಮ್ಟ್ರ್ಯಾಕ್ ಗಾಡಿಯೂ ಓಡುತ್ತದೆ. ವಾಪಸ್ ರೈಲಿನಲ್ಲಿ ಬರುವವರಿಗೆ ಅದೇ ಕಣಿವೆ ಇನ್ನೊಂದು ಮಗ್ಗುಲಿಂದ ಸಿಗುತ್ತದೆ.

ನೋಡಬೇಕಾದ ಗುರುತುಗಳು ಇವು. ದಾರಿ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದ್ದರೆ ಅದು ಮಣ್ಣು ತಂದು ಸುರಿದ ಏರಿ. ಎರಡು ಬದಿಗೂ ಬಂಡೆ ಎದ್ದಿದ್ದರೆ ಮದ್ದಿಟ್ಟು ಒಡೆದ ಕಣಿವೆ. ಆ ಬಂಡೆಯ ಮೇಲೆ ಉದ್ದುದ್ದ ಅರ್ಧ ಕೊಳವೆಯಂಥ ಗೀರು ಕಂಡರೆ ಅದು ಮದ್ದು ತುಂಬಲು ಕೊರೆದ ತೂತು. ಕಂಬರ್‌ಲ್ಯಾಂಡ್ ಬಿಟ್ಟ ಕೂಡಲೇ ನ್ಯಾರೋಸ್ ಅನ್ನುವ ಬೆಟ್ಟದ ಸೀಳು, ಅದರಾಚೆ ಹೆಲ್ಮ್‌ಸ್ಟೆಟರ್ ತಿರುವು. ಏರನ್ನು ಮೆತ್ತಗೆ ಮಾಡಲು ಹಳಿ ಇಲ್ಲಿ ಕುದುರೆ ಲಾಳದ ಹಾಗೆ ತಿರುಗಿದೆ. ನೀವು ದಾಟಿ ಬಂದ ದಾರಿ ಕಣಿವೆಯಾಚೆ ಕಾಣಿಸುತ್ತದೆ. ಪಿಂಕರ್ಟನ್ ಹತ್ತಿರ ನದಿ ದೊಡ್ಡ ಸುತ್ತು ಹೊಡೆಯುತ್ತದೆ, ರೈಲು ಅದರ ಕೊರಳನ್ನು 849 ಅಡಿ ಸುರಂಗದಲ್ಲಿ ಕತ್ತರಿಸಿತು. ಆ ಸುರಂಗ ಬಹಳ ವರ್ಷ ಮುಚ್ಚಿತ್ತು, 2015ರಲ್ಲಿ ತೆರೆದರು. ಮೇಯರ್ಸ್‌ಡೇಲ್ ಸ್ಟೇಷನ್ ಈಗ ಒಂದು ಪುಟ್ಟ ಮ್ಯೂಸಿಯಂ. ಒಳಗೆ ರೈಲಿನ ಮಾದರಿ ಇದೆ, ಮಕ್ಕಳಿದ್ದರೆ ಅರ್ಧ ಗಂಟೆ ಬೇಕು.

ಕಾನಲ್ಸ್‌ವಿಲ್‌ನಿಂದ ಮುಂದೆ ಇನ್ನೊಂದು ಕಂಪನಿಯ ಹಳೇ ಹಾದಿ, ಪಿಟ್ಸ್‌ಬರ್ಗ್ ಅಂಡ್ ಲೇಕ್ ಈರಿ. ನೋಟವೂ ಬದಲಾಗುತ್ತದೆ. ಕಾಡು ಹಿಂದೆ ಸರಿದು ಕಲ್ಲಿದ್ದಲು, ಉಕ್ಕಿನ ಲೋಕ ಎದುರಾಗುತ್ತದೆ. ಕಲ್ಲಿದ್ದಲನ್ನು ಸುಟ್ಟು ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುತ್ತಿದ್ದ ಗೂಡುಗಳು ಗಿಡ ಬೆಳೆದು ಪಾಳು ಬಿದ್ದಿವೆ. ವೆಸ್ಟ್ ನ್ಯೂಟನ್‌ಗಿಂತ ಮೊದಲು ಡಾರ್ ಗಣಿ ದುರಂತದ ಫಲಕ ಇದೆ. 1907ರ ಡಿಸೆಂಬರ್ 19ರಂದು ಅಲ್ಲಿ ಗಣಿ ಸಿಡಿದು 239 ಜನ ಸತ್ತರು. ಅವರಲ್ಲಿ ಎಷ್ಟೋ ಜನ ಹಂಗೆರಿಯಿಂದ ಹೊಟ್ಟೆಪಾಡಿಗೆ ಬಂದವರು. ಸೈಕಲ್ ಇಳಿದು ಓದಿ.

ಹೋಮ್‌ಸ್ಟೆಡ್‌ನಲ್ಲಿ ಉಕ್ಕಿನ ಕಾರ್ಖಾನೆ ಹೋಗಿ ಮಾಲ್ ಬಂದಿದೆ. ಕಾರ್ಖಾನೆಯ ಹನ್ನೆರಡು ಚಿಮಣಿಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. 1892ರ ಮುಷ್ಕರದಲ್ಲಿ ಕಂಪನಿ ಕರೆಸಿದ, ಪಿಂಕರ್ಟನ್ ಅನ್ನುವ ಖಾಸಗಿ ಸಂಸ್ಥೆಯ ಕಾವಲಿನವರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗ ನಡೆದ ಪಂಪ್‌ಹೌಸ್ ದಾರಿಯ ಪಕ್ಕದಲ್ಲೇ ಇದೆ. ಮುಂದೆ ಹಾಟ್ ಮೆಟಲ್ ಬ್ರಿಜ್. ಕರಗಿದ ಕಬ್ಬಿಣವನ್ನು ಹಾಗೇ ಬಿಸಿಬಿಸಿ ರೈಲಿನಲ್ಲಿ ನದಿ ದಾಟಿಸುತ್ತಿದ್ದ ಸೇತುವೆ. ಈಗ ಅದರ ಮೇಲೆ ನೀವು ದಾಟುತ್ತೀರಿ.

ಮೆಕ್ಕೀಸ್‌ಪೋರ್ಟ್‌ನಿಂದ ಪಿಟ್ಸ್‌ಬರ್ಗ್‌ವರೆಗಿನ ತುಂಡಿನಲ್ಲಿ ನೆರಳು ಕಡಿಮೆ, ಗದ್ದಲ ಜಾಸ್ತಿ. ಕಾಡಿನ ಗುಂಗಿನಲ್ಲಿ ಬಂದವರಿಗೆ ಮೊದಲು ನಿರಾಸೆ ಆಗಬಹುದು. ಆದರೂ ಬಿಡಬೇಡಿ. ಮೇಲಿನ ಕಾಡಿನಲ್ಲಿ ಅಷ್ಟು ಕಷ್ಟಪಟ್ಟು ಹಳಿ ಹಾಕಿದ್ದು ಯಾತಕ್ಕೆ ಅನ್ನುವುದು ಈ ಕಾರ್ಖಾನೆಗಳನ್ನು ನೋಡದೆ ತಿಳಿಯುವುದಿಲ್ಲ.

ಮುಗಿದ ಮೇಲೆ

ದಾರಿ ಮುಗಿಯುವುದು ಪಾಯಿಂಟ್ ಸ್ಟೇಟ್ ಪಾರ್ಕ್‌ನಲ್ಲಿ, ಅಲೆಗೇನಿ ಮತ್ತು ಮೊನಾಂಗಹೀಲಾ ನದಿಗಳು ಸೇರಿ ಒಹಾಯೊ ಆಗುವ ಜಾಗದಲ್ಲಿ. ಅಲ್ಲಿಂದ ಆಮ್ಟ್ರ್ಯಾಕ್ ಸ್ಟೇಷನ್ ಸೈಕಲ್‌ನಲ್ಲೇ ಹೋಗುವಷ್ಟು ಹತ್ತಿರ.

ಮನೆಯವರು ದೇವಸ್ಥಾನಕ್ಕೆ ಹೋಗಿ, ನೀವು ಮಾತ್ರ ತುಳಿಯುವ ಯೋಚನೆ ಇದ್ದರೆ ಪಿಟ್ಸ್‌ಬರ್ಗ್‌ವರೆಗೆ ಹೋಗಬೇಕಿಲ್ಲ. 128ನೇ ಮೈಲಿಯ ಬಾಸ್ಟನ್‌ನಲ್ಲಿ ಕಾರು ನಿಲ್ಲಿಸಲು ಜಾಗ ಇದೆ. ಇದು ಮ್ಯಾಸಚೂಸೆಟ್ಸ್‌ನ ಬಾಸ್ಟನ್ ಅಲ್ಲ, ನದಿದಡದ ಪುಟ್ಟ ಊರು. ಪೆನ್ ಹಿಲ್ಸ್‌ನಿಂದ ಅರ್ಧ, ಮುಕ್ಕಾಲು ಗಂಟೆ ದಾರಿ. ವೆಸ್ಟ್ ನ್ಯೂಟನ್‌ನಿಂದ ಅಲ್ಲಿಗೆ 14 ಮೈಲಿ ತುಳಿದು, ಸಂಜೆ ಪುಳಿಯೋಗರೆ ಪ್ರಸಾದದ ಹೊತ್ತಿಗೆ ಮನೆಯವರನ್ನು ಕೂಡಿಕೊಳ್ಳಬಹುದು.

ಬಾಡಿಗೆ ಸೈಕಲ್ ಅಲ್ಲದಿದ್ದರೆ ಅದೇ ರಾತ್ರಿ ಚೈನು ಒರೆಸಿ ಎಣ್ಣೆ ಬಿಡಿ. ಸುಣ್ಣದಕಲ್ಲಿನ ಪುಡಿ ನೀರು ಕುಡಿದು ಒಣಗಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಉಜ್ಜಿದರೂ ಬಿಡುವುದಿಲ್ಲ.